ದೊಡ್ಡ ಬ್ರೇಕ್ ಹಾಕಿಸಿದ ಮೇಲೆ ಹಿಂದಿನ ಎಡ ಸೀಟಿನಲ್ಲಿ ಯಾರು ಕೂರತಕ್ಕದ್ದು ಎಂಬ ಬಗ್ಗೆ

ಇಲಾಖೆ (ಹೆಸರಿಡುವ ವಿಷಯ ಪರಿಶೀಲನೆಯಲ್ಲಿದೆ)
ಕೇಂದ್ರ ಕಚೇರಿ: ಅಡುಗೆಮನೆಯ ಪಕ್ಕದ ಕೋಣೆ

ಸಂಖ್ಯೆ: ಹಕಾ/ಬ್ರೇಕ್/ದೊಡ್ಡದು/೪ (ಹಿಂದಿನದು ತಪ್ಪಾದ್ದರಿಂದ ಹೊಸದು)
ದಿನಾಂಕ: ಸೋಮವಾರ, ಬೆಳಗಿನ ಚಹಾ ಆದ ಮೇಲೆ

ಸುತ್ತೋಲೆ

ವಿಷಯ: ಮನೆಯ ಹಳೆಯ ಕಾರಿಗೆ ದೊಡ್ಡ ಬ್ರೇಕ್ ಅಳವಡಿಸಿದ್ದು, ತತ್ಪರಿಣಾಮವಾಗಿ ಚಿಕ್ಕತಾತನ ಸೀಟು ಹೋಗಿದ್ದು, ಹಾಗೂ ಅದು ವಾಪಸು ಬಂದಿದ್ದು.

ಉಲ್ಲೇಖ: ೧. ಮೆಕ್ಯಾನಿಕ್ ಅಳಿಯನ ಮೌಖಿಕ ಪ್ರಸ್ತಾವನೆ, ಊಟದ ಮಧ್ಯೆ.
೨. ಇದೇ ಇಲಾಖೆಯ ಸುತ್ತೋಲೆ ಸಂಖ್ಯೆ ೩, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದು.
೩. ದೊಡ್ಡತ್ತೆಯವರ ಕಾಲುಮಣೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮನೆಯ ಸಮಸ್ತ ಸಿಬ್ಬಂದಿಯ, ಎಂದರೆ ಮಗ (ಚಾಲಕರು), ಸೊಸೆ (ಮುಂದಿನ ಸೀಟು), ಮೆಕ್ಯಾನಿಕ್ ಅಳಿಯ (ತಾಂತ್ರಿಕ ಸಲಹೆಗಾರರು, ಯಾರೂ ಕೇಳದಿದ್ದರೂ) ಮತ್ತು ತೀರಿಹೋದ ಅಜ್ಜನ ತಮ್ಮನಾದ ಚಿಕ್ಕತಾತ (ಮರದ ತುಂಡು), ಇವರೆಲ್ಲರ ಗಮನಕ್ಕೆ ಈ ಕೆಳಗಿನ ಸಂಗತಿಗಳನ್ನು ತರಲಾಗಿದೆ.

ಹಿನ್ನೆಲೆ

೧. ಸದರಿ ಕಾರು ಮೂವತ್ತೊಂದು ವರ್ಷ ಹಳೆಯದು. ಇಷ್ಟು ವರ್ಷ ಅದನ್ನು ನಿಲ್ಲಿಸಿದ್ದು ಬ್ರೇಕ್ ಒಂದೇ ಅಲ್ಲ, ಮನೆಮಂದಿಯೆಲ್ಲ ಕೂಡಿ ನಿಲ್ಲಿಸಿದ್ದು ಎಂಬುದನ್ನು ದಾಖಲೆಗಾಗಿ ಬರೆಯಲಾಗಿದೆ. ಗೇಟಿನ ಮುಂದೆ ನಿಲ್ಲಬೇಕಾದರೆ ಕಟಿಂಗ್ ಶಾಪಿನ ಹತ್ತಿರದಿಂದಲೇ ಚಾಲಕರು ಪೆಡಲನ್ನು ಮೂರು ಸಲ ತುಳಿಯುವುದು. ಸೊಸೆ ತನ್ನ ಕಾಲಡಿಯ ಮ್ಯಾಟನ್ನು ಬಲಗಾಲಿನಿಂದ ಒತ್ತುವುದು (ಮ್ಯಾಟು ಆ ಜಾಗದಲ್ಲಿ ತೂತಾಗಿದೆ). ಅಜ್ಜಿ “ನಿಧಾನ, ನಿಧಾನ, ನಿಧಾನ” ಎಂದು ಮೂರು ಸಲ ಹೇಳುವುದು. ಕಾರು ಇನ್ನೂ ತೆವಳುತ್ತಿರುವಾಗಲೇ ಚಿಕ್ಕತಾತ ಹಿಂದಿನ ಎಡ ಬಾಗಿಲು ತೆಗೆದು ಇಳಿದು, ಗಾಲಿಗೆ ಮರದ ತುಂಡು ಒಡ್ಡಿ, ಹಿಮ್ಮಡಿಯಿಂದ ಎರಡು ಸಲ ಗುದ್ದಿ, “ಆಯ್ತು” ಎನ್ನುವುದು. “ಆಯ್ತು” ಕೇಳುವ ತನಕ ಕಾರು ನಿಂತಿದೆ ಎಂದು ಯಾರೂ ಭಾವಿಸತಕ್ಕದ್ದಲ್ಲ ಎಂಬುದು ರೂಢಿ. ಹ್ಯಾಂಡ್‌ಬ್ರೇಕ್ ಎಂಬುದೂ ಒಂದಿತ್ತು. ಎಳೆದರೆ ಕಾರು ಅದನ್ನು ಒಂದು ಸಲಹೆ ಎಂದು ತಿಳಿಯುತ್ತಿತ್ತು.

೨. ಈ ಸೇವೆಯಲ್ಲಿ ಚಿಕ್ಕತಾತ ಇಪ್ಪತ್ತಾರು ವರ್ಷ ಇದ್ದು, ಒಂದು ದಿನವೂ ರಜೆ ಕೇಳಿರುವುದಿಲ್ಲ. ಒಂದು ಸಲ ಅವರ ಚಪ್ಪಲಿಯ ಮೇಲೆ ಗಾಲಿ ಹತ್ತಿದ್ದು, ಆಗ ಕಾಲು ಅದರೊಳಗೆ ಇರಲಿಲ್ಲ. ಸೇವೆಗೆ ಪ್ರತಿಯಾಗಿ ಅವರಿಗೆ ಸಿಗುತ್ತಿದ್ದುದು ಹಿಂದಿನ ಎಡ ಸೀಟು. ಆ ಸೀಟಿನಲ್ಲಿ ಕೂತು ಪ್ರತಿ ಭಾನುವಾರ ಮೇಲಿನ ಬೀದಿಯ ಏರು ಹತ್ತಿ, ತಮ್ಮ ಅಕ್ಕನಾದ ದೊಡ್ಡತ್ತೆಯವರ ಮನೆಗೆ ಹೋಗುವುದು. ಚಿಕ್ಕತಾತನ ಮಂಡಿಗೆ ಆ ಏರು ನಡೆದು ಹತ್ತುವ ಶಕ್ತಿ ಇಲ್ಲ. ದೊಡ್ಡತ್ತೆಗೆ ಎಂಬತ್ತನಾಲ್ಕು, ಕಿವಿ ಮಂದ. ಅಕ್ಕ ತಮ್ಮ ಇಬ್ಬರೂ ಅಕ್ಕಪಕ್ಕ ಕೂತು ಹೆಚ್ಚೇನೂ ಮಾತಾಡುವುದಿಲ್ಲ. ಮನೆಗೆ ಬಂದ ಮೇಲೆ ಚಿಕ್ಕತಾತ “ಇವತ್ತು ಬಹಳ ಮಾತಾಡಿದ್ವಿ” ಎನ್ನುತ್ತಾರೆ.

೩. ಹೀಗಿರುವಲ್ಲಿ ಮೆಕ್ಯಾನಿಕ್ ಅಳಿಯ ಮಂಡಿಸಿದ ಪ್ರಸ್ತಾವನೆಯನ್ನು ಯಥಾವತ್ತಾಗಿ ಇಲ್ಲಿ ಕೊಡಲಾಗಿದೆ: “ಅತ್ತೆ, ಇದು ಬ್ರೇಕಾ? ಇದು ದೇವರ ಮೇಲಿನ ಭಾರ. ನಮ್ಮ ಶೆಡ್ಡಿಗೆ ಒಂದು ದೊಡ್ಡ ಕಾರು ಗುಜರಿಗೆ ಬಂದಿದೆ. ಅದರ ಡಿಸ್ಕ್ ಊಟದ ತಟ್ಟೆ ಅಷ್ಟಗಲ ಇದೆ. ನಾಲ್ಕೂ ಗಾಲಿಗೆ ಕೂರಿಸಿಬಿಡ್ತೀನಿ. ತುಳಿದರೆ ಗೋಡೆ ನಿಂತ ಹಾಗೆ ನಿಲ್ಲುತ್ತೆ.” ಇದಕ್ಕೆ ಅಜ್ಜಿ, “ಗೋಡೆ ಹಾಗೆ ನಿಂತುಬಿಟ್ರೆ ಹೋಗೋದು ಹೇಗಪ್ಪ?” ಎಂದು ಆಕ್ಷೇಪಿಸಿದ್ದು, ಸದರಿ ಆಕ್ಷೇಪಣೆ ತಾಂತ್ರಿಕವಲ್ಲವೆಂದು ಮೂವರು ನಕ್ಕು ತಿರಸ್ಕರಿಸಿರುತ್ತಾರೆ. ಚಿಕ್ಕತಾತ ನಗಲಿಲ್ಲ. ಮಜ್ಜಿಗೆ ಕೇಳಿದರು.

೪. ಕಾಮಗಾರಿ ಮೂರು ದಿನ ನಡೆಯಿತು. ಪೈಪಿನೊಳಗಿನ ಗಾಳಿ ತೆಗೆಯಲು ಒಬ್ಬರು ಪೆಡಲು ಒತ್ತಬೇಕು, ಇನ್ನೊಬ್ಬರು ಕಾರಿನಡಿ ಮಲಗಿ ನಟ್ಟು ಸಡಿಲಿಸಬೇಕು. ಒತ್ತುವ ಕೆಲಸಕ್ಕೆ ತಾಳ್ಮೆ ಇದ್ದವರು ಮನೆಯಲ್ಲಿ ಚಿಕ್ಕತಾತ ಒಬ್ಬರೇ ಆದ್ದರಿಂದ ಅವರನ್ನೇ ಕೂರಿಸಲಾಯಿತು. “ಒತ್ತಿ ಮಾವ… ಹಿಡ್ಕೊಳ್ಳಿ… ಬಿಡಿ” ಎಂದು ಕೆಳಗಿನಿಂದ ನೂರ ನಲವತ್ತು ಸಲ ಕೂಗಲಾಗಿದ್ದು, ಅವರು ನೂರ ನಲವತ್ತು ಸಲವೂ ಒತ್ತಿ, ಹಿಡಿದು, ಬಿಟ್ಟಿರುತ್ತಾರೆ. ತಮ್ಮ ಸೀಟು ಕಸಿಯುವ ಬ್ರೇಕಿಗೆ ತಾವೇ ಜೀವ ತುಂಬುತ್ತಿದ್ದೇವೆಂಬುದು ಅವರಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಒತ್ತುತ್ತಿದ್ದರು ಎಂಬುದು ಇಲಾಖೆಯ ಅಭಿಪ್ರಾಯ.

೫. ಡಿಸ್ಕ್ ದೊಡ್ಡದಾದ್ದರಿಂದ ಹಳೆಯ ಗಾಲಿ ಅದರ ಮೇಲೆ ಕೂರಲಿಲ್ಲ. ಆದಕಾರಣ ಗಾಲಿ ದೊಡ್ಡದಾಯಿತು. ಗಾಲಿ ದೊಡ್ಡದಾದ್ದರಿಂದ ಬದಲಿ ಗಾಲಿಯಾದ ಸ್ಟೆಪ್ನಿ ದೊಡ್ಡದಾಯಿತು. ಸ್ಟೆಪ್ನಿ ಡಿಕ್ಕಿಯ ಗುಂಡಿಯಲ್ಲಿ ಕೂರಲಿಲ್ಲ. ನಿಲ್ಲಿಸಿದರೆ ಡಿಕ್ಕಿ ಮುಚ್ಚಲಿಲ್ಲ. ದೊಡ್ಡದಾಗದೆ ಉಳಿದದ್ದು ಹ್ಯಾಂಡ್‌ಬ್ರೇಕಿನ ಕೇಬಲ್ ಒಂದೇ. ಅದು ನಾಲ್ಕು ಬೆರಳು ಗಿಡ್ಡವಾಗಿ ಹೊಸ ಬ್ರೇಕಿಗೆ ತಲುಪಲಿಲ್ಲ. “ಅದು ಆಮೇಲೆ ನೋಡಿಕೊಂಡ್ರಾಯ್ತು. ಇಷ್ಟು ದೊಡ್ಡ ಬ್ರೇಕ್ ಇದೆಯಲ್ಲ!” ಎಂದು ತಾಂತ್ರಿಕ ಸಲಹೆಗಾರರು ಕೇಬಲನ್ನು ಸುತ್ತಿ ತಂತಿಯಿಂದ ಬಿಗಿದಿರುತ್ತಾರೆ.

೬. ಪರೀಕ್ಷಾ ಓಡಾಟದ ದಿನ ಚಾಲಕರು ಅಭ್ಯಾಸಬಲದಿಂದ ಕಟಿಂಗ್ ಶಾಪಿನ ಹತ್ತಿರವೇ ಪೆಡಲು ತುಳಿದರು. ಮೊದಲನೇ ತುಳಿತಕ್ಕೇ ಕಾರು ನಿಂತುಬಿಟ್ಟಿತು. ಮಿಕ್ಕ ಎರಡು ತುಳಿತ ಹಾಗೇ ಉಳಿದವು. ಅಜ್ಜಿಯ ಕನ್ನಡಕ ಮುಂದಿನ ಗಾಜಿನ ಹತ್ತಿರ ಸಿಕ್ಕಿತು. ಶಾಪಿನ ಒಳಗಿನಿಂದ ಕ್ಷೌರಿಕರು ಕತ್ತಿ ಹಿಡಿದುಕೊಂಡೇ ಓಡಿ ಬಂದು, “ಏನಣ್ಣ, ಇಲ್ಲೇ ಮನೆ ಮಾಡಿದ್ರಾ?” ಎಂದು ವಿಚಾರಿಸಿರುತ್ತಾರೆ. ಆ ವೇಳೆಗೆ ಚಿಕ್ಕತಾತ ಇಳಿದಾಗಿತ್ತು. ನಿಂತ ಕಾರಿನ ಪಕ್ಕ ತುಂಡು ಹಿಡಿದು ಒಂದು ಗಳಿಗೆ ನಿಂತರು. ನಂತರ ಗಾಲಿಗೆ ಅದನ್ನು ಒಡ್ಡಿಯೇ ಒಡ್ಡಿದರು.

“ಚಿಕ್ಕಪ್ಪ, ಇನ್ನು ಅದು ಬೇಡ. ನಿಂತಿದೆಯಲ್ಲ.”

“ನಿಂತಿರೋದು ಕಾಣುತ್ತಪ್ಪ. ನಿಂತೇ ಇರುತ್ತಾ ಅಂತ ಕೇಳ್ತಿದೀನಿ.”

ಅದು ಪ್ರಶ್ನೆ ಎಂದೇ ಅಂದು ಯಾರಿಗೂ ಅನ್ನಿಸಲಿಲ್ಲ.

೭. ಮರುದಿನ ಉಲ್ಲೇಖ (೨)ರ ಸುತ್ತೋಲೆ ಹೊರಟಿತು. ಅದರಂತೆ ಮರದ ತುಂಡಿನ ಹುದ್ದೆ ರದ್ದಾಗಿ, ತೆರವಾದ ಹಿಂದಿನ ಎಡ ಸೀಟನ್ನು ಸ್ಟೆಪ್ನಿಗೆ ಮಂಜೂರು ಮಾಡಿ, ಉರುಳದಂತೆ ಅದಕ್ಕೆ ಸೀಟ್ ಬೆಲ್ಟು ಕಟ್ಟಲಾಯಿತು. ಆಕ್ಷೇಪಣೆ ಇದ್ದಲ್ಲಿ ಏಳು ದಿನದೊಳಗೆ ಸಲ್ಲಿಸಲು ತಿಳಿಸಲಾಗಿತ್ತು. ಚಿಕ್ಕತಾತ ಸಲ್ಲಿಸಲಿಲ್ಲ. ಭಾನುವಾರ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲರೂ ಹತ್ತಿದ ಮೇಲೆ, “ನಾನು ಬರ್ತಿಲ್ಲ ಅಂತ ಅಕ್ಕನಿಗೆ ಹೇಳಿದೀರಾ?” ಎಂದಷ್ಟೇ ಕೇಳಿದರು. ಯಾರೂ ಹೇಳಿರಲಿಲ್ಲ. ಕಾರು ಹೋದ ಮೇಲೆ ಅವರು ತುಂಡನ್ನು ತೊಳೆದು ಬಿಸಿಲಿಗಿಟ್ಟು, ಒಣಗಿದ ಮೇಲೆ ಮತ್ತೆ ತೊಡೆಯ ಮೇಲಿಟ್ಟುಕೊಂಡರು ಎಂದು ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಕಂಡದ್ದನ್ನು ಹೇಳಿರುತ್ತಾರೆ.

೮. ದೊಡ್ಡತ್ತೆ ಎಂದಿನಂತೆ ಗೇಟಿನ ಮುಂದೆ ಕಾಲುಮಣೆ ಹಾಕಿಕೊಂಡು ಕಾಯುತ್ತಿದ್ದರು. ಕಾರು ಏರಿನಲ್ಲಿ ಗೋಡೆಯ ಹಾಗೆ ನಿಂತಿತು. ಚಾಲಕರನ್ನು ಬಿಟ್ಟು ಎಲ್ಲರೂ ಇಳಿದರು. ದೊಡ್ಡತ್ತೆ ಎಡಗಿಟಕಿಯೊಳಗೆ ಇಣುಕಿದರು.

“ಇದ್ಯಾರು, ಬೆಲ್ಟು ಕಟ್ಕೊಂಡು ದುಂಡಗೆ ಕೂತಿರೋದು?”

“ಸ್ಟೆಪ್ನಿ, ದೊಡ್ಡತ್ತೆ.”

“ಯಾರ ಕಡೆಯವರು?”

ಈ ವಿಚಾರಣೆ ನಡೆಯುತ್ತಿರುವಾಗಲೇ ಚಾಲಕರೂ ಇಳಿದರು. ಕಾರು ಹಿಂದಕ್ಕೆ ತೆವಳಲು ಆರಂಭಿಸಿತು. ತುಳಿಯುವವರು ಇಳಿದ ಮೇಲೆ ದೊಡ್ಡ ಬ್ರೇಕಾದರೂ ಏನು ಮಾಡೀತು? ಹ್ಯಾಂಡ್‌ಬ್ರೇಕ್ ತಂತಿ ಸುತ್ತಿಕೊಂಡು ಮಲಗಿತ್ತು. ಗೇರಿನಲ್ಲಿ ಹಾಕಿ ನಿಲ್ಲಿಸುವ ಅಭ್ಯಾಸ ಈ ಮನೆಯಲ್ಲಿ ಯಾರಿಗೂ ಇಲ್ಲ. ಇಪ್ಪತ್ತಾರು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ. ಮಗ ಬಾಗಿಲಿನ ಕಡೆ, ಅಳಿಯ ಬಂಪರಿನ ಕಡೆ ಓಡಿ, ಇಬ್ಬರೂ ಹಣೆಗೆ ಹಣೆ ಡಿಕ್ಕಿ ಹೊಡೆದುಕೊಂಡರು. ದೊಡ್ಡತ್ತೆ ಮಾತ್ರ ತಾವು ಕೂತಿದ್ದ ಕಾಲುಮಣೆಯನ್ನು ಪಾದದಿಂದ ಗಾಲಿಯ ಹಿಂದಕ್ಕೆ ತಳ್ಳಿ, ಹಿಮ್ಮಡಿಯಿಂದ ಎರಡು ಸಲ ಗುದ್ದಿ, “ಆಯ್ತು” ಎಂದರು. ಮಣೆಯ ಒಂದು ಕಾಲು ಮುರಿಯಿತು. ಕಾರು ನಿಂತಿತು.

೯. ತದನಂತರ ನಡೆದದ್ದು:

“ನಾನು ಬ್ರೇಕ್ ಒತ್ತಿ ಹಿಡೀತೀನಿ ದೊಡ್ಡತ್ತೆ, ಭಾವ ಮಣೆ ತೆಗೀತಾರೆ.”

“ಕೇಳಿಸ್ತಿಲ್ಲ.”

“ಒಂದು ಕಲ್ಲು ಇಡ್ತೀವಿ ದೊಡ್ಡತ್ತೆ!”

“ಕೇಳಿಸ್ತಿಲ್ಲ. ಅದನ್ನ ಯಾರೂ ಮುಟ್ಟಕೂಡದು. ತೆಗೆಯೋಕೆ ಅವನೇ ಬರಬೇಕು.”

ಸೊಸೆ ಪಿಸುದನಿಯಲ್ಲಿ, “ಚಿಕ್ಕಮಾವನ್ನ ಕರ್ಕೊಂಡು ಬಂದ್ರೆ ಆಗುತ್ತಲ್ವಾ?” ಎಂದು ಗಂಡನಿಗೆ ಹೇಳಿದ್ದು, ಅದು ಮಾತ್ರ ದೊಡ್ಡತ್ತೆಗೆ ಸ್ಪಷ್ಟವಾಗಿ ಕೇಳಿಸಿರುತ್ತದೆ. ಕಾರು ಮಣೆಯ ಮೇಲಿದ್ದುದರಿಂದ ಚಾಲಕರು ನಡೆದೇ ಇಳಿದು ಹೋದರು. ಒಂದೂವರೆ ಗಂಟೆಯ ನಂತರ ಚಿಕ್ಕತಾತ ಕ್ಷೌರಿಕರ ಸ್ಕೂಟರಿನ ಹಿಂದೆ ಕೂತು, ತುಂಡನ್ನು ಎದೆಗವಚಿಕೊಂಡು ಬಂದಿಳಿದರು. ಚಾಲಕರು ಹಿಂದಿನಿಂದ ನಡೆದು ಬಂದು ಸೇರಿದರು. ಚಿಕ್ಕತಾತ ತುಂಡು ಒಡ್ಡಿದರು, ಎರಡು ಸಲ ಗುದ್ದಿದರು, ಮಗನಿಂದ ಪೆಡಲು ಒತ್ತಿಸಿ ಮಣೆ ಎಳೆದರು, ಮುರಿದ ಕಾಲನ್ನು ತಿರುಗಿಸಿ ನೋಡಿದರು.

“ಇಷ್ಟು ಹೊತ್ತಾ?” ಎಂದರು ದೊಡ್ಡತ್ತೆ.

“ಸೀಟಿರಲಿಲ್ಲ ಅಕ್ಕ.”

ಮೆಲ್ಲಗೇ ಹೇಳಿದ್ದು. ದೊಡ್ಡತ್ತೆ ಅಜ್ಜಿಯ ಕಡೆ ತಿರುಗಿ ನೋಡಿದರು. ಅಷ್ಟು ನೋಟ ಈ ಇಲಾಖೆಗೆ ಸಾಕಾಯಿತು.

ಆದೇಶ

ಮೇಲಿನ ಕಾರಣಗಳಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

(ಕ) ಸುತ್ತೋಲೆ ಸಂಖ್ಯೆ ೩ನ್ನು ಹಿಂಪಡೆಯಲಾಗಿದೆ. ಅದನ್ನು ಹೊರಡಿಸಿದವರು ಯಾರೆಂದು ಊಟದ ಸಮಯದಲ್ಲಿ ಚರ್ಚಿಸತಕ್ಕದ್ದಲ್ಲ.

(ಖ) ಹಿಂದಿನ ಎಡ ಸೀಟು ಚಿಕ್ಕತಾತನಿಗೆ ಖಾಯಂ. ಮರದ ತುಂಡಿಗೆ ಬಡ್ತಿ ನೀಡಿ ‘ಹ್ಯಾಂಡ್‌ಬ್ರೇಕ್ (ಪ್ರಭಾರ)’ ಎಂದು ನೇಮಿಸಲಾಗಿದೆ. ಉದ್ದನೆಯ ಕೇಬಲನ್ನು ಈ ವಾರದೊಳಗೆ ಹಾಕತಕ್ಕದ್ದು. ಹಾಕಿದ ಮೇಲೂ ತುಂಡು ಸೇವೆಯಲ್ಲಿ ಮುಂದುವರಿಯುವುದು.

(ಗ) ಕಾರಿನ ಮಾಡಿನ ಮೇಲೆ ಕ್ಯಾರಿಯರ್ ಕೂರಿಸುವವರೆಗೆ ಸ್ಟೆಪ್ನಿಯು ಮೆಕ್ಯಾನಿಕ್ ಅಳಿಯನ ತೊಡೆಯ ಮೇಲೆ ಪ್ರಯಾಣಿಸತಕ್ಕದ್ದು. ಅಳಿಯ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿಯತಕ್ಕದ್ದು. “ಕಾಲು ಜೋಮು ಹಿಡೀತು” ಎಂಬ ಮನವಿಗಳನ್ನು ಏರು ಮುಗಿದ ಮೇಲೆ ಮಾತ್ರ ಸ್ವೀಕರಿಸಲಾಗುವುದು.

(ಘ) ಚಾಲಕರು ಮೂರು ತುಳಿತದ ಅಭ್ಯಾಸ ಬಿಡತಕ್ಕದ್ದು. ಇದಕ್ಕಾಗಿ ದಿನವೂ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಪಾದದಡಿ ಹಣ್ಣಾದ ಟೊಮೆಟೊ ಇಟ್ಟುಕೊಂಡು, ರಸ ಬಾರದಂತೆ ಒಂದೇ ಸಲ ಒತ್ತುವ ತರಬೇತಿ ಪಡೆಯುವುದು. ತರಬೇತಿಯಲ್ಲಿ ನಪಾಸಾದ ಟೊಮೆಟೊಗಳು ಅಂದಿನ ಅಡುಗೆಗೆ ಹೋಗುತ್ತವೆ. ಯಾರೂ ಮೂಗು ಮುರಿಯತಕ್ಕದ್ದಲ್ಲ, ಕಾಲು ತೊಳೆದಿರಲಾಗುತ್ತದೆ.

(ಙ) ಸೊಸೆ ಮ್ಯಾಟು ಒತ್ತುವುದನ್ನು ಮುಂದುವರಿಸಬಹುದು. ಆದರೆ ಹೊಸ ಬ್ರೇಕಿನ ವೇಗಕ್ಕೆ ಸರಿಹೊಂದುವಂತೆ, ಮನೆಯಿಂದ ಹೊರಡುವ ಮೊದಲೇ ಒತ್ತಿ ಮುಗಿಸತಕ್ಕದ್ದು.

(ಚ) ಅಜ್ಜಿಯ ಮೂರು “ನಿಧಾನ”ಗಳ ಪೈಕಿ ಒಂದಕ್ಕೆ ಮಾತ್ರ ಈಗ ಸಮಯ ಸಿಗುತ್ತಿದೆ. ಉಳಿದ ಎರಡನ್ನು ಕಾರು ನಿಂತ ಮೇಲೆ, ಇಳಿಯುವವರಿಗೆ ಒಂದೊಂದಾಗಿ ಹೇಳುವ ಹಕ್ಕನ್ನು ಕಾಯ್ದಿರಿಸಲಾಗಿದೆ.

(ಛ) ಚಾಲಕರು ಟೊಮೆಟೊ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ತನಕ, ಸದರಿ ಕಾರು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಕ್ಷೌರಿಕರು ಗಿರಾಕಿಯ ಗಂಟಲಿನಿಂದ ಕತ್ತಿ ದೂರ ಹಿಡಿಯುವಂತೆ ಕೋರಲಾಗಿದೆ. ಮೀಸೆಯ ಕೆಲಸವನ್ನು ಸ್ವಂತ ಜವಾಬ್ದಾರಿಯ ಮೇಲೆ ಮುಂದುವರಿಸಬಹುದು.

(ಜ) “ಇಷ್ಟು ದೊಡ್ಡ ಬ್ರೇಕ್ ಇದೆಯಲ್ಲ” ಎಂಬ ಮಾತನ್ನು ಈ ಮನೆಯಲ್ಲಿ ಯಾವ ಪ್ರಶ್ನೆಗೂ ಉತ್ತರವಾಗಿ ಬಳಸಕೂಡದು.

(ಝ) ದೊಡ್ಡತ್ತೆಯವರ ಕಾಲುಮಣೆಯನ್ನು ಮೆಕ್ಯಾನಿಕ್ ಅಳಿಯ ರಿಪೇರಿ ಮಾಡಿಕೊಡತಕ್ಕದ್ದು. ಮುರಿದ ಕಾಲಿನ ಬದಲು ಅಷ್ಟೇ ಅಳತೆಯ ಕಾಲನ್ನೇ ಹಾಕತಕ್ಕದ್ದು. ಯಾವ ಕಾರಣಕ್ಕೂ ದೊಡ್ಡದನ್ನು ಹಾಕತಕ್ಕದ್ದಲ್ಲ.

(ಞ) ಕಾರು ನಿಂತಿತೋ ಇಲ್ಲವೋ ಎಂಬ ಬಗ್ಗೆ ಭಿನ್ನಾಭಿಪ್ರಾಯ ಬಂದಲ್ಲಿ ಚಿಕ್ಕತಾತನ “ಆಯ್ತು” ಅಂತಿಮ. ಅವರು ಅದನ್ನು ಹೇಳಲು ಎಷ್ಟು ಹೊತ್ತು ತೆಗೆದುಕೊಂಡರೂ ಎಲ್ಲರೂ ಕೂತಲ್ಲೇ ಕೂತಿರತಕ್ಕದ್ದು.

ಈ ಆದೇಶ ಬರುವ ಭಾನುವಾರದಿಂದ, ಇಸ್ತ್ರಿ ಅಂಗಿ ತೊಟ್ಟ ಗಳಿಗೆಯಿಂದ ಜಾರಿಗೆ ಬರುತ್ತದೆ.

(ಸಹಿ/-)
ಅಜ್ಜಿ
ಇಲಾಖೆಯ ಮುಖ್ಯಸ್ಥರು, ಹಾಗೂ ಸುತ್ತೋಲೆ ಸಂಖ್ಯೆ ೩ಕ್ಕೂ ಸಹಿ ಹಾಕಿದವರು

ಪ್ರತಿಗಳು:
೧. ಚಾಲಕರಿಗೆ, ಒಂದು ಬುಟ್ಟಿ ಟೊಮೆಟೊದೊಂದಿಗೆ.
೨. ಸೊಸೆಗೆ, ಹೊಸ ಮ್ಯಾಟಿನ ಅಡಿ ಇಟ್ಟುಕೊಳ್ಳಲು.
೩. ಮೆಕ್ಯಾನಿಕ್ ಅಳಿಯನಿಗೆ. ಕೈ ಬಿಡುವಿಲ್ಲದಿದ್ದಲ್ಲಿ ಸ್ಟೆಪ್ನಿಗೆ ಅಂಟಿಸುವುದು.
೪. ಸ್ಟೆಪ್ನಿಗೆ, ಸೀಟು ತೆರವುಗೊಳಿಸುವ ನೋಟಿಸೆಂದು ತಿಳಿಯತಕ್ಕದ್ದು.
೫. ಕ್ಷೌರಿಕರಿಗೆ, ಸ್ಕೂಟರಿನ ಉಪಕಾರ ಸ್ಮರಿಸುತ್ತಾ.
೬. ಪಕ್ಕದ ಮನೆಯ ಟೈಲರ್‌ಗೆ ಕಳುಹಿಸಿಲ್ಲ. ಅವರು ಕಿಟಕಿಯಿಂದಲೇ ಓದಿಕೊಂಡಿದ್ದಾರೆ.
೭. ದೊಡ್ಡತ್ತೆಯವರಿಗೆ. ಅವರಿಗೆ ಕಿವಿ ಮಂದವಾದ್ದರಿಂದ, ಚಿಕ್ಕತಾತ ಖುದ್ದಾಗಿ ಹೋಗಿ, ಪಕ್ಕದಲ್ಲಿ ಕೂತು, ಅವಸರ ಮಾಡದೆ, ಪ್ರತಿ ಭಾನುವಾರ ಒಂದು ಕಲಮಿನಂತೆ ಓದಿ ಹೇಳತಕ್ಕದ್ದು. ಮುಗಿದ ಮೇಲೆ ಮೊದಲಿನಿಂದ.