ಮಂಗಳವಾರದ ಗಡ್ಡ

ಶ್ರೀರಾಮಪ್ಪನ ಕೆನ್ನೆ ಹಾಗಲಕಾಯಿಯಂತೆ ಗಂಟುಗಂಟಾದದ್ದೇ ಎಲ್ಲದಕ್ಕೂ ಮೂಲ. ದೀಪಾವಳಿಯ ಬೆಳಿಗ್ಗೆ ಅವಸರದಲ್ಲಿ ತಣ್ಣೀರು ಎರಚಿಕೊಂಡು, ಹಳೆಯ ಬ್ಲೇಡಿನಿಂದ, ಕೂದಲಿಗೆ ಎದುರಾಗಿ ಗರಗರನೆ ಹೆರೆದುಕೊಂಡಿದ್ದ. ಸಂಜೆಯ ಹೊತ್ತಿಗೆ ಮುಖವೆಲ್ಲ ಉರಿ, ಗುಳ್ಳೆ. ಯಲಹಂಕದ ಕಾಂಪೌಂಡರು ಕನ್ನಡಕದ ಮೇಲಿಂದ ನೋಡಿ, ಮೂರು ತಿಂಗಳು ರೇಜರ್ ಮುಟ್ಟಬೇಡಿ ಎಂದರು. ಅವನು ಮುಟ್ಟಲಿಲ್ಲ.

ರೈಲಿನ ಹುಡುಗಿ ಅವನನ್ನು ನೋಡತೊಡಗಿದ್ದು ಈ ಮೂರು ತಿಂಗಳಲ್ಲೇ.

ಅವನು ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಅವಳು ಅಲ್ಲೇ ಒಂದು ಶಾಲೆಯಲ್ಲಿ ಹೊಲಿಗೆ ಟೀಚರು. ಇಬ್ಬರೂ ದಿನವೂ ಯಲಹಂಕದಲ್ಲಿ ಎಂಟೂಕಾಲರ ಗಾಡಿ ಹತ್ತಿ ಎದುರುಬದುರು ಕೂರುತ್ತಿದ್ದರು. ಒಂದು ವರ್ಷ ಅವಳು ಅವನನ್ನು ಕಿಟಕಿಯ ಸರಳಿನಷ್ಟೂ ಲಕ್ಷಿಸಿರಲಿಲ್ಲ. ಗಡ್ಡ ಬೆಳೆಯುತ್ತ ಹೋದಂತೆ ಅವಳ ನೋಟ ಮೆತ್ತಗಾಯಿತು. ಒಂದು ದಿನ ಕಾಗದದ ಪೊಟ್ಟಣವೊಂದನ್ನು ಅವನ ಕೈಗಿಟ್ಟು, "ನೆಲ್ಲಿಕಾಯಿ. ಮನೆಗೆ ತಗೊಂಡ್ಹೋಗಿ" ಎಂದಳು. ಅವರ ನಡುವೆ ಆದ ಮಾತು ಅಷ್ಟೇ. ಆ ಆರು ನೆಲ್ಲಿಕಾಯಿ ಅವನ ಟ್ರಂಕಿನಲ್ಲಿ, ಒಗೆದ ಷರಟಿನ ಮಡಿಕೆಯೊಳಗೆ, ಒಣಗಿ ಗೋಲಿಯಂತಾಗಿದ್ದವು. ಒಂದನ್ನೂ ತಿನ್ನಲು ಮನಸ್ಸು ಬಂದಿರಲಿಲ್ಲ.

ಒಂದು ತಿಂಗಳಿಂದ ಅವಳು ಗಾಡಿಯಲ್ಲಿ ಹಳದಿ ಉಲ್ಲನ್ ಹೆಣೆಯುತ್ತಿದ್ದಳು. ನಡುನಡುವೆ ತಲೆಯೆತ್ತಿ ಅವನತ್ತ ನೋಡುತ್ತಿದ್ದಳು. ಮಫ್ಲರ್ ಇರಬಹುದೆ ಎಂದು ಅವನು ಮೆಲ್ಲನೆ ಕತ್ತು ಮುಟ್ಟಿಕೊಳ್ಳುತ್ತಿದ್ದ. ಅವಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಕುಮುದಿನಿ, ನಳಿನಾಕ್ಷಿ ಎಂದು ದಿನಕ್ಕೊಂದು ಹೆಸರನ್ನು ಅವಳಿಗೆ ತೊಡಿಸಿ ನೋಡುತ್ತಿದ್ದ. 'ನಿಮ್ಮ ಹೆಸರೇನು' ಎಂಬ ಎರಡು ಪದಗಳನ್ನು ಮೂರು ತಿಂಗಳಿಂದ ಕನ್ನಡಿಯೆದುರು ಉರು ಹೊಡೆದಿದ್ದ.

ಸೋಮವಾರ ಅವಳು ಪಕ್ಕದವಳಿಗೆ ಹೇಳುತ್ತಿದ್ದುದು ಕೇಳಿಸಿತು. ತುಮಕೂರಿಗೆ ವರ್ಗವಾಗಿದೆ, ಈ ಗಾಡಿಗೆ ನಾಳೆಯೇ ಕೊನೆ.

ಅಂದರೆ ನಾಳೆ ಕೇಳಲೇಬೇಕು. ಹೆಸರು ಕೇಳಿದ ಮೇಲೆ ಮದುವೆಯ ಮಾತು. ಅದಕ್ಕೆ ಬೈರಾಗಿಯ ಮುಖ ಆಗದು. ಹಾಗಲಕಾಯಿಯ ಮುಖವೂ ಆಗದು.

ಆಫೀಸು ಮುಗಿಸಿ ಬರುವಷ್ಟರಲ್ಲಿ ಕ್ಷೌರದಂಗಡಿ ಮುಚ್ಚಿತ್ತು, ಮಂಗಳವಾರ ಅದಕ್ಕೆ ರಜೆ. ಶ್ರೀರಾಮಪ್ಪ ಬೆಳಿಗ್ಗೆಯೇ ವಠಾರದ ನಲ್ಲಿಯ ಬಳಿ ಕನ್ನಡಿ ನೇತುಹಾಕಿ, ರೇಜರ್ ಕೈಗೆತ್ತಿಕೊಂಡ. ಎದುರುಮನೆಯ ನಜೀರ್ ಸಾಬರು ಕಂಡರು. ಮಿಲಿಟರಿ ಕ್ಯಾಂಪಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ ಬಂದವರು.

"ಒಣ ಗಡ್ಡಕ್ಕೆ ಕೈ ಹಾಕ್ತೀರಲ್ಲ ಗುಮಾಸ್ತರೇ. ಗಡ್ಡ ಅಂದ್ರೆ ತೋಟ ಇದ್ದಂಗೆ. ಮೊದ್ಲು ನೀರು ಬಿಡ್ಬೇಕು."

ಬಿಸಿನೀರಿನಲ್ಲಿ ಅದ್ದಿದ ಟವಲು ಅವನ ಮುಖಕ್ಕೆ ಬಿತ್ತು. ಅವರ ಹೆಂಡತಿ ಅಕ್ಬರಿ, ಮೂರು ತಿಂಗಳ ಗಡ್ಡವನ್ನು ಮೊದಲು ಕತ್ತರಿಯಲ್ಲಿ ಇಳಿಸಬೇಕೆಂದು ತನ್ನ ಹೊಲಿಗೆಯ ಕತ್ತರಿ ತಂದಳು. ಮೊಂಡಾದರೆ ಸಾಣೆ ಹಿಡಿಸಿಕೊಡುವುದು ಅವನ ಜವಾಬ್ದಾರಿ ಎಂದೂ ಹೇಳಿದಳು. ಕೊನೆಯ ಮನೆಯ ಪಿಳ್ಳಪ್ಪ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ಹಿಡಿದುಕೊಂಡ. ತಾನೂ ಆಗಾಗ ಅದರಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದುದರಿಂದ ಶ್ರೀರಾಮಪ್ಪನಿಗೆ ಬಹುತೇಕ ಕಂಡದ್ದು ಕನ್ನಡಿಯ ಬೆನ್ನು.

ಒಂದು ಕೆನ್ನೆ ಅರ್ಧವಾಗಿತ್ತು. ಆಗ ವಠಾರದ ಯಜಮಾನಿ ಗೌರಮ್ಮ ಬಂದರು.

"ಮಂಗಳವಾರ ಕಣಪ್ಪ. ಯಾರಾದ್ರೂ ಗಡ್ಡ ತೆಗೀತಾರಾ? ನನ್ನ ವಠಾರಕ್ಕೇ ಒಳ್ಳೇದಲ್ಲ. ನಾಳೆ ಮಾಡ್ಕೊ, ಮುಖ ಎಲ್ಲಿಗೆ ಓಡೋಗುತ್ತೆ?"

"ಮುಖ ಓಡೋಗಲ್ಲಮ್ಮ" ಎಂದ ಶ್ರೀರಾಮಪ್ಪ. ಅರ್ಧ ಗಡ್ಡ, ಅರ್ಧ ನೊರೆಯ ನಡುವೆ ಕಣ್ಣೆರಡು ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನ ಕಣ್ಣಿನಂತಿದ್ದವು. ಗೌರಮ್ಮ ಅವನ್ನೇ ನೋಡಿದರು. ಹಿತ್ತಲಿಗೆ ಹೋಗಿ ಒಂದು ಲೋಳೆಸರದ ಎಲೆ ಮುರಿದು ತಂದರು.

ಅಲ್ಲಿಂದ ಅವನ ಕೆನ್ನೆ ಅವನದಾಗಿ ಉಳಿಯಲಿಲ್ಲ. ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕೆಂದು ಸಾಬರು ಪ್ರತಿ ಎಳೆತಕ್ಕೂ ಲೆಫ್ಟ್, ರೈಟ್ ಎಂದರು. ಮುಗಿದ ಕೂಡಲೇ ಅಕ್ಬರಿ ತಣ್ಣೀರು ಹೊಯ್ದಳು, ಸಾಬರು ಪಟಿಕ ಉಜ್ಜಿದರು, ಗೌರಮ್ಮ ಲೋಳೆ ಬಳಿದರು. ಪಿಳ್ಳಪ್ಪ ಅರಿಶಿನವನ್ನೂ ಹಚ್ಚಿಬಿಟ್ಟ. ಮದುಮಗನಂತೆ ಕಾಣುತ್ತಾನೆಂದು ಎಲ್ಲರೂ ನಕ್ಕರು. ಅದನ್ನು ತೊಳೆಯುವಷ್ಟರಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಶ್ರೀರಾಮಪ್ಪ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಓಡಿದ.

ಅವಳು ಇದ್ದಳು. ಅವನ ಮುಖ ಕಂಡದ್ದೇ ಅವಳ ಸೂಜಿ ನಿಂತಿತು. ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕಳು.

ಕೊಡಿಗೇಹಳ್ಳಿ ಹೋಯಿತು. ಲೊಟ್ಟೆಗೊಲ್ಲಹಳ್ಳಿ ಹೋಯಿತು. ಶ್ರೀರಾಮಪ್ಪ ಟಿಫಿನ್ ಕ್ಯಾರಿಯರಿನ ಕೊಂಡಿ ತೆಗೆಯುತ್ತ, ಹಾಕುತ್ತ ಕೂತಿದ್ದ. ಯಶವಂತಪುರದಲ್ಲಿ ಇಳಿದು ಅವನು ಅವಳ ದಾರಿಗೆ ಅಡ್ಡ ನಿಂತದ್ದೇನೋ ನಿಜ, ಮಾತಾಡಿದವಳು ಅವಳೇ.

"ಇವತ್ತು ನಿಮ್ಮನ್ನ ನೋಡಿ ಸಮಾಧಾನ ಆಯ್ತು ಸಾರ್" ಎಂದು ಹಳದಿ ಉಲ್ಲನ್ನಿನದನ್ನು ಅವನ ಕೈಗಿಟ್ಟಳು.

ಮಫ್ಲರ್ ಅಲ್ಲ. ಅಂಗೈಯಗಲದ ಕುಲಾವಿ. ಗಲ್ಲದ ಕೆಳಗೆ ಕಟ್ಟಲು ಎರಡು ದಾರ.

"ಮೂರು ತಿಂಗಳಿಂದ ನೋಡ್ತಿದ್ದೆ. ನಮ್ಮನೇಲೂ ಹಂಗೇ, ಅತ್ತಿಗೆ ಬಸುರಿ ಅಂದ್ರೆ ಹೆರಿಗೆ ಆಗೋವರ್ಗೂ ಅಣ್ಣ ಗಡ್ಡ ತೆಗೆಯಲ್ಲ. ಹೆಂಡ್ತಿಗೋಸ್ಕರ ಇಷ್ಟು ನೇಮ ಹಿಡಿಯೋರು ಈಗ್ಲೂ ಇದಾರಲ್ಲ ಅಂತ ಸಂತೋಷ ಆಗೋದು. ಇವತ್ತು ಮಂಗಳವಾರ ಅಂತ್ಲೂ ನೋಡ್ದೆ ತೆಗೆದಿದೀರಿ, ಬೆಳಗಿನ ಜಾವಾನೇ ಹೆರಿಗೆ ಆಗಿರ್ಬೇಕು. ಗಂಡೋ, ಹೆಣ್ಣೋ?"

ನೆಲ್ಲಿಕಾಯಿ ಯಾರಿಗೆಂದು ಅವನಿಗೆ ಆಗ ತಿಳಿಯಿತು. ಇಲ್ಲವೆನ್ನಲು ಬಾಯಿ ತೆರೆದ. ಇಲ್ಲವೆಂದರೆ ಆ ಮೆತ್ತನೆಯ ನೋಟವೂ ಹೋಗುತ್ತದೆ. ಮೂರು ತಿಂಗಳು ಉರು ಹೊಡೆದ ನಾಲಿಗೆ, ಬೇರೇನೂ ತೋಚದೆ, ತನಗೆ ಬರುತ್ತಿದ್ದುದನ್ನೇ ಹೇಳಿತು.

"ನಿಮ್ಮ ಹೆಸರೇನು?"

ಅವಳ ಮುಖ ಕೆಂಪಾಯಿತು. "ಮುನಿಕೆಂಪಮ್ಮ... ಹಂಗಾದ್ರೆ ಹೆಣ್ಣು ಮಗು. ಬೇಡ ಸಾರ್, ಇಷ್ಟು ಹಳೇ ಹೆಸರು ಮಗೂಗೆ ಯಾಕೆ."

ಬೇಡವೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಣಂತಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ, ಗೇಟಿನ ಬಳಿ ಒಮ್ಮೆ ತಿರುಗಿ ನೋಡಿ, ಜನರ ನಡುವೆ ಮರೆಯಾದಳು.

ಕುಲಾವಿಯನ್ನು ಮುಷ್ಟಿಯಲ್ಲಿ ಹಿಡಿದು ಶ್ರೀರಾಮಪ್ಪ ಪ್ಲಾಟ್‌ಫಾರಮ್ಮಿನಲ್ಲೇ ನಿಂತಿದ್ದ. ಆಮೇಲೆ ಇನ್ನೊಂದು ಕೈಯಿಂದ ಕೆನ್ನೆ ಸವರಿಕೊಂಡ. ನಜೀರ್ ಸಾಬರ ಮಾತು ಸುಳ್ಳಾಗಿರಲಿಲ್ಲ. ಒಂದೇ ಒಂದು ಗುಳ್ಳೆಯೂ ಎದ್ದಿರಲಿಲ್ಲ.