ಬೀಳದ ಐದು ತಟ್ಟೆಗಳು

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ಬೋಗಿಗಳ ಬಾಗಿಲು ಸರಿಮಾಡಿದವನಿಗೆ ಐದು ತಟ್ಟೆ ಬೀಳಿಸುವುದು ಒಂದು ಕೆಲಸವೇ? ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಹಾಗೇ ತಿಳಿದಿದ್ದೆ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಏರ್‌ಗನ್ ಆಟದ ಮಳಿಗೆಯ ಹೊಣೆಯನ್ನು ನಾನೇ ಕೇಳಿ ಪಡೆದೆ. ಗುಂಡು ತಗುಲಿದರೆ ಕಬ್ಬಿಣದ ತಟ್ಟೆ ಹಿಂದಕ್ಕೆ ಮಗುಚಬೇಕು, ಹಗ್ಗ ಎಳೆದರೆ ಎದ್ದು ನಿಲ್ಲಬೇಕು. ಅಷ್ಟೇ!

ಮೊದಲು ದಪ್ಪ ತಟ್ಟೆ ಮಾಡಿ ಮಾಳಿಗೆಯ ಮೇಲೆ ಪರೀಕ್ಷಿಸಿದೆ. ‘ಟಣ್’ ಎಂದಿತು. ಅಲುಗಲಿಲ್ಲ.

“ಇದಕ್ಕೆ ಫಿರಂಗೀನೇ ತರಬೇಕು ಕಣ್ರೀ” ಎಂದಳು ನನ್ನ ಹೆಂಡತಿ ಪದ್ಮ.

ತೆಳು ತಗಡಿಗೆ ಬದಲಾಯಿಸಿದೆ. ಚೆನ್ನಾಗಿ ಬಿದ್ದವು. ಬಿಳಿ ಬಣ್ಣ ಬಳಿದು ಮೀಸೆ ತಿರುವಿದೆ.

ಉತ್ಸವದ ದಿನ ಮೈದಾನದಲ್ಲಿ ಗಾಳಿ ಎದ್ದಿತು. ಸಂಘದ ಕಾರ್ಯದರ್ಶಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೂಗುತ್ತ ಓಡಿಬಂದರು. “ಸಾರ್, ಯಾರೂ ಇನ್ನೂ ಹೊಡೆದೇ ಇಲ್ಲ, ಅದುಕ್ಕುಳ್ಳೆ ಎಲ್ಲಾ ಬಿದ್ದೋಯ್ತಲ್ಲ!”

ಸ್ಪ್ಯಾನರ್ ಹಿಡಿದು ಪ್ರತಿ ತಟ್ಟೆಯ ಬುಡದ ಕೀಲಿನ ಬೋಲ್ಟನ್ನೂ ಬಿಗಿದೆ. ಗಾಳಿಗೆ ಬೀಳುವುದು ನಿಂತಿತು.

“ಒಂದು ಗುಂಡು ಹೊಡೆದು ನೋಡ್ರೀ” ಎಂದಳು ಪದ್ಮ.

“ಹದಿನೆಂಟು ವರ್ಷದ ಅನುಭವ ಕಣೇ!” ಎಂದು ಮೈಕ್ ಕೈಗೆತ್ತಿಕೊಂಡೆ.

ಮೊದಲು ಬಂದವರು ಶಾರದಮ್ಮ. ಬ್ಯಾಂಕಿನಿಂದ ನಿವೃತ್ತರಾದ ಮಿತಭಾಷಿ ಹಿರಿಯರು. ಜೊತೆಗೆ ಮೊಮ್ಮಗಳು. ಸೆರಗು ಸಿಕ್ಕಿಸಿ, ಬಂದೂಕು ಹೆಗಲಿಗೊತ್ತಿ ಐದು ಗುಂಡು ಹೊಡೆದರು. ಒಂದು ತಟ್ಟೆಯೂ ಬೀಳಲಿಲ್ಲ. ತಗಡಿನ ಸದ್ದೇನಾದರೂ ಬಂದಿದ್ದರೆ ಅದು ನನ್ನ ಅಬ್ಬರದಲ್ಲಿ ಮುಳುಗಿತ್ತು.

“ಐದಕ್ಕೆ ಸೊನ್ನೆ! ಅಮ್ಮನವರಿಗೆ ಊಟದ ತಟ್ಟೆಯೇ ವಾಸಿ!” ಎಂದು ಮೈಕಿನಲ್ಲಿ ಕೂಗಿದೆ. ಜನ ಗೊಳ್ಳೆಂದು ನಕ್ಕರು.

ಶಾರದಮ್ಮ ಬಂದೂಕನ್ನು ಮೆಲ್ಲಗೆ ಕೆಳಗಿಟ್ಟರು. “ಕಾಲೇಜಲ್ಲಿ ಎನ್‌ಸಿಸಿಗೆ ಹೊಡೀತಿದ್ದೆ. ಮಗೂಗೆ ತೋರಿಸೋಣ ಅಂತ ಬಂದೆ. ಕೈ ಹೋಯ್ತೇನೋ.”

ಮೊಮ್ಮಗಳ ಕಣ್ಣು ತುಂಬಿತ್ತು. “ಇಲ್ಲ ಅಂಕಲ್, ಪಾಟ್ಟಿ ಅಂಜುಮೇ ಅಡಿಚ್ಚಾಂಗ!” ಅಜ್ಜಿ ಐದಕ್ಕೂ ಹೊಡೆದರಂತೆ! ಮಗುವಿನ ಸಮಾಧಾನಕ್ಕೆಂದು ಹೋಗಿ ನೋಡಿದೆ. ಐದು ತಟ್ಟೆಗಳ ನಟ್ಟನಡುವೆ, ಬಿಳಿ ಬಣ್ಣ ಎದ್ದುಹೋಗಿ, ಐದು ಗುಳಿಗಳು! ಬಿಗಿದ ಕೀಲು ಜಪ್ಪಯ್ಯ ಎಂದಿರಲಿಲ್ಲ. ನನ್ನ ಕಿವಿಯೆಲ್ಲ ಬಿಸಿಯಾಯಿತು.

ಹಿಂದೆಯೇ ಬಂದ ಪದ್ಮ ತಗ್ಗಿದ ದನಿಯಲ್ಲಿ, “ಹೋಗಿ ಮೈಕಲ್ಲೇ ಹೇಳಿ. ನಗಿಸಿದ್ದೂ ಮೈಕಲ್ಲೇ ತಾನೆ?” ಎಂದಳು.

ಹೇಳಿದೆ. “ಶಾರದಮ್ಮನವರ ಐದು ಗುಂಡೂ ಗುರಿಗೇ ತಾಗಿವೆ. ತಪ್ಪು ತಟ್ಟೆಯದು.” ಪದ್ಮ ನೋಡಿದಳು. “ಅಲ್ಲ, ತಪ್ಪು ನನ್ನದು. ಅಮ್ಮ, ಕ್ಷಮಿಸಬೇಕು.” ಆಡಿದ ಮಾತು ಮೈದಾನವನ್ನೆಲ್ಲ ಸುತ್ತಿ ಮತ್ತೆ ನನ್ನ ಕಿವಿಗೇ ಬಿತ್ತು.

“ಆಯ್ತು ಬಿಡಿ. ಆ ಸ್ಪ್ಯಾನರ್ ಇಲ್ಲಿ ಕೊಡಿ” ಎಂದರು ಶಾರದಮ್ಮ. ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಹೊಡೆದರು. ಐದೂ ಸಾಲಾಗಿ ಮಗುಚಿದವು. ಚಪ್ಪಾಳೆಯೋ ಚಪ್ಪಾಳೆ! ಮೊಮ್ಮಗಳು ಕುಣಿದಳು.

“ಈಗ ನೀವು ಹೊಡೀರಿ” ಎಂದು ಬಂದೂಕನ್ನು ನನ್ನ ಕೈಗಿತ್ತರು.

ಐದು ಗುಂಡು ಹೊಡೆದೆ. ತಟ್ಟೆಗಳಲ್ಲಿ ಈಗ ಯಾವ ದೋಷವೂ ಇರಲಿಲ್ಲ. ಒಂದೂ ಬೀಳಲಿಲ್ಲ.