ಶುದ್ಧ, ಅಧಿಕೃತ, ಶಾಸ್ತ್ರೋಕ್ತ ಆರತಿ ಹಾಡು

ಕಳ್ಳಮಾಲಿನ ಮೇಲೆ ನನಗಿರುವ ಸಿಟ್ಟು ಸಾಮಾನ್ಯದ್ದಲ್ಲ. ಚಿಂತಾಮಣಿಯ ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಸಿನಿಮಾವನ್ನು ಬಿಡುಗಡೆಯ ದಿನವೇ ಮೊಬೈಲಿಗೆ ಇಳಿಸಿಕೊಂಡು ನೋಡಿದರೆ ನನ್ನ ರಕ್ತ ಕುದಿಯುತ್ತದೆ. (ನನ್ನನ್ನು ಕರೆಯದೆ ನೋಡಿದರೆ ಇನ್ನೂ ಹೆಚ್ಚು ಕುದಿಯುತ್ತದೆ ಎಂಬುದು ಹೆಂಡತಿ ಶ್ರೀವಲ್ಲಿಯ ಅಪಪ್ರಚಾರ.)

ಹೀಗಿರುವಾಗ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಗೌರಿಬಿದನೂರಿನಿಂದ ಅತ್ತೆ ಪದ್ಮಮ್ಮನವರೂ ಭಾವಮೈದುನ ಸುಧೀಂದ್ರನೂ ಬಂದಿಳಿದರು. ನಮ್ಮ ಮನೆಯಲ್ಲಿ ಹಾಡಿಲ್ಲದೆ ಆರತಿ ಎತ್ತುವಂತಿಲ್ಲ. ಹಾಡು ಯಾವಾಗಲೂ ಅತ್ತೆಯದೇ. ಈ ಸಲ ಅವರ ಗಂಟಲು ಕಟ್ಟಿ, ಕಾಫಿಯನ್ನೂ ಸನ್ನೆಯಲ್ಲೇ ಕೇಳುತ್ತಿದ್ದರು. (ನನಗಾದ ಸಂತೋಷವನ್ನು ಮುಖದ ಮೇಲೆ ಬರಗೊಡಲಿಲ್ಲ.)

ಸುಧೀಂದ್ರ ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಯೋಚನೆ ಬೇಡ ಭಾವ, ಹಾಡೆಲ್ಲ ಇದರಲ್ಲಿದೆ."

"ಎಲ್ಲಿಂದ ಇಳಿಸ್ಕೊಂಡೆ?"

"ಇಳಿಸ್ಕೊಳ್ಳೋದೇನು ಬಂತು? ಇದು ನಮ್ಮ..."

"ನಮ್ಮದು! ಎಲ್ಲ ಕಳ್ಳರೂ ಹೇಳೋದು ಇದನ್ನೇ ಕಣೋ! ಯಾವ ತಾಯಿ ಗಂಟಲು ಹರ್ಕೊಂಡು ಹಾಡಿದ್ಳೋ, ನೀನು ಜೇಬಲ್ಲಿ ಹಾಕ್ಕೊಂಡು ಬಂದ್ಬಿಟ್ಟೆ!"

"ಭಾವ, ಒಂದ್ನಿಮಿಷ ಕೇಳಿ..."

"ಕೇಳಲ್ಲ! ಕದ್ದ ಹಾಡಿಗೆ ನನ್ನ ಮನೇಲಿ ಆರತಿ ಎತ್ತಲ್ಲ!"

ಅತ್ತೆ ಎರಡೂ ಕೈ ಆಡಿಸಿ ಏನೋ ಹೇಳಲು ಹೊರಟರು. ನನ್ನ ಪರವೇ ಇರಬೇಕೆಂದು ಕೈಮುಗಿದೆ. ಪೆನ್‌ಡ್ರೈವನ್ನು ಕಿತ್ತುಕೊಂಡು ಹೊರಗೆ, ಚಪ್ಪಲಿಗಳ ಪಕ್ಕದಲ್ಲಿಟ್ಟೆ.

"ಹಬ್ಬದ ದಿನ ಇದೇನ್ರೀ ಕಿರುಚಾಟ? ಅವನು ಹೇಳೋದು ಪೂರ್ತಿ ಕೇಳಬಾರ್ದಾ?" ಎಂದಳು ಶ್ರೀವಲ್ಲಿ.

"ತಮ್ಮನ ಪರ ವಹಿಸ್ಬೇಡ ನೀನು!" ಎಂದು ಗುಡುಗಿ, ಮೊಬೈಲ್ ಹಿಡಿದು ಮಹಡಿ ಹತ್ತಿದೆ.

ನ್ಯಾಯವಾಗಿ ಹಾಡು ಪಡೆಯುವುದೇನು ಸಣ್ಣ ತಪಸ್ಸೇ? ಒಂದು ಕಡೆ ಆರತಿ ಹಾಡೆಂದು ಒತ್ತಿದರೆ ಆರತಿ ಎಂಬ ಹುಡುಗಿ ಕುಣಿಯತೊಡಗಿದಳು. ಇನ್ನೊಂದು ಕಡೆ ಮಂಗಳದ ಮಧ್ಯೆ ಬೋರ್‌ವೆಲ್ ಮೋಟಾರಿನ ಜಾಹೀರಾತು. ಸಿಟ್ಟು ನೆತ್ತಿಗೇರುವ ಹೊತ್ತಿಗೆ, ಹೆಸರೇ ಕೇಳಿರದ ಒಂದು ಜಾಲತಾಣದಲ್ಲಿ ಚಿನ್ನದ ಅಕ್ಷರಗಳ ಆಲ್ಬಂ ಸಿಕ್ಕಿತು: "ಶುದ್ಧ, ಅಧಿಕೃತ, ಶಾಸ್ತ್ರೋಕ್ತ." ಮೂರು ವಿಶೇಷಣಗಳಿಗೆ ಮಾರುಹೋಗಿ, ಕೇಳಿಯೂ ನೋಡದೆ, ದುಡ್ಡು ತೆತ್ತು ಕೊಂಡೆ.

ಬೀದಿಯ ಮುತ್ತೈದೆಯರೆಲ್ಲ ಸೇರಿದರು. ಕದ್ದ ಕಲೆಯ ಪಾಪದ ಕುರಿತು, ಆರತಿಯ ಕರ್ಪೂರ ಉರಿದುಹೋಗುವಷ್ಟು ಹೊತ್ತು ಭಾಷಣ ಬಿಗಿದೆ. ಶ್ರೀವಲ್ಲಿ ಹಲ್ಲು ಕಡಿಯುತ್ತಾ ಬೇರೆ ಕರ್ಪೂರ ಹಚ್ಚಿದಳು. ನಾನು ಸ್ಪೀಕರ್ ಒತ್ತಿದೆ.

ದನಿ ಇಂಪಾಗಿತ್ತು, ಎಲ್ಲೋ ಕೇಳಿದಂತೆಯೂ ಇತ್ತು. ಹೆಂಗಸರು ಸ್ಪೀಕರನ್ನು ಬಿಟ್ಟು ಅತ್ತೆಯ ಮುಖ ನೋಡತೊಡಗಿದರು. ಅತ್ತೆಯ ಬಾಯಿ ಮುಚ್ಚಿಯೇ ಇತ್ತು. ಎರಡನೆಯ ನುಡಿಯ ನಡುವೆ ಸ್ಪೀಕರ್ ಇದ್ದಕ್ಕಿದ್ದಂತೆ ಅಬ್ಬರಿಸಿತು: "ಸುಧೀ, ಹಾಲು ಉಕ್ತಿದೆ ನೋಡೋ! ಎಲ್ಲಿ ಹಾಳಾಗಿ ಹೋದೆ?"

ಮತ್ತೆ ಮಂಗಳ ಮುಂದುವರಿಯಿತು.

"ಅಯ್ಯೋ, ಇದಿ ಮನ ಪದ್ಮಮ್ಮ ಗೊಂತೇ ಕದಾ!" ಎಂದರು ಪಕ್ಕದ ಮನೆಯ ಅಕ್ಕಯಮ್ಮ. ಗಂಟಲು ಯಾರದೆಂದು ತಿಳಿಯಲು ನನಗೆ ಅವರ ತೆಲುಗು ಬೇಕಿರಲಿಲ್ಲ.

"ಅದನ್ನೇ ಹೇಳಕ್ಕೆ ಹೊರಟಿದ್ದೆ ಭಾವ," ಎಂದ ಸುಧೀಂದ್ರ. "ಹೋದ ವರ್ಷ ನಮ್ಮಡುಗೆಮನೇಲಿ ನಾನೇ ರೆಕಾರ್ಡ್ ಮಾಡಿ, ನೆಂಟರು ಕೇಳ್ಲಿ ಅಂತ ನೆಟ್ಟಲ್ಲಿ ಹಾಕಿದ್ದೆ. ಯಾವನೋ ಎತ್ಕೊಂಡು ಮಾರ್ತಾ ಇದಾನೆ." ನನ್ನ ಮೊಬೈಲ್ ಇಸಕೊಂಡು ನೋಡಿದ. "ಹಾಡಿದವರು ‘ಸಾಂಪ್ರದಾಯಿಕ’ ಅಂತೆ."

ಅತ್ತೆಗೆ ದನಿ ಬಂದೇಬಿಟ್ಟಿತು. "ಯಾರೋ ಅವಳು ಸಾಂಪ್ರದಾಯಿಕ? ಹಾಡಿದ್ದು ನಾನು! ಅಳಿಯಂದ್ರೇ, ನನ್ನ ಹಾಡು ಕದ್ದೋನಿಗೆ ನೀವೇ ದಕ್ಷಿಣೆ ಕೊಟ್ಟು ಬಂದ್ರಾ?"

"ಅವನನ್ನ ಬಿಡಲ್ಲ ಅತ್ತೆ!" ನಾನು ಮುಷ್ಟಿ ಬಿಗಿದೆ. "ಇಂಥೋರನ್ನ ನಂಬೋ ಮೂರ್ಖರು ಇರೋದ್ರಿಂದ್ಲೇ ಇವರು ಬದುಕಿರೋದು!"

"ಮೂರ್ಖರು ಒಬ್ಬರೇ ಇರೋದು ಭಾವ," ಸುಧೀಂದ್ರ ಪರದೆಯ ಮೇಲೆ ಬೆರಳು ಜಾರಿಸಿದ. "ಕೆಳಗೆ ಒಂದೇ ಒಂದು ಅಭಿಪ್ರಾಯ ಇದೆ. ಐದು ನಕ್ಷತ್ರ. ‘ಕಲಾವಿದರ ಹಕ್ಕನ್ನು ಕಾಯುವ ಏಕೈಕ ಸಂಸ್ಥೆ. ನನ್ನ ಭಾವಮೈದುನನಂಥ ಕಳ್ಳರಿಗೆ ಇದು ಪಾಠವಾಗಲಿ. ಸತ್ಯಮೂರ್ತಿ, ಚಿಂತಾಮಣಿ.’"

ಚಿಂತಾಮಣಿಯಂಥ ಊರಿನಲ್ಲಿ ಸತ್ಯಮೂರ್ತಿಗಳಿಗೇನು ಬರವೇ ಎಂದೆ. ಶ್ರೀವಲ್ಲಿ ಮೊಬೈಲನ್ನು ತಗೊಂಡು, ಅರಿಶಿನ ಕುಂಕುಮ ಕೊಡುವಷ್ಟೇ ಶ್ರದ್ಧೆಯಿಂದ, ಒಬ್ಬ ಮುತ್ತೈದೆಯನ್ನೂ ಬಿಡದೆ ಎಲ್ಲರಿಗೂ ತೋರಿಸುತ್ತಾ ಹೋದಳು. ಹೆಸರಿನ ಪಕ್ಕದಲ್ಲಿ ಶಾಲು ಹೊದ್ದ ನನ್ನ ಫೋಟೋ ನಗುತ್ತಿತ್ತು.